ಹಿನ್ನೀರು ಸರಿದಾಗಿನ ಮನೆ

ನಮ್ಮ ಊರಿನವರಿಗೆ ಊರು ಎರಡು. ಬೀಳಗಿ ಕಡೆಯ ಈ ಹೊಸ ಊರಿನಲ್ಲಿ ಓಣಿಗಳೆಲ್ಲ ಗೆರೆ ಎಳೆದಷ್ಟು ನೆಟ್ಟಗೆ. ಮನೆಮುಂದೆ ಟ್ರ್ಯಾಕ್ಟರ್, ಹಿತ್ತಲಾಚೆ ಕಬ್ಬು, ಗೊಬ್ಬರದಂಗಡಿ, ಚಹಾದಂಗಡಿಯಲ್ಲಿ ಮುಗಿಯದ ರಾಜಕಾರಣ. ಹಳೆಯ ಊರು ಆಣೆಕಟ್ಟಿನ ಹಿನ್ನೀರಿನಡಿ ಇದೆ. ಬೇಸಿಗೆಯಲ್ಲಿ ಕೃಷ್ಣೆ ಹಿಂದೆ ಸರಿದಾಗ ಆ ನೆಲ ಮೇಲೇಳುತ್ತದೆ. ಜನ ಬುತ್ತಿ ಕಟ್ಟಿಕೊಂಡು ಹೋಗಿ, ಮತ್ತೆ ನೀರು ಬರುವಷ್ಟರಲ್ಲಿ ಅಲ್ಲಿ ಸೌತೆ, ಹೆಸರು ಬೆಳೆದುಕೊಳ್ಳುತ್ತಾರೆ.

ಜಮಖಂಡಿ ಪೇಟೆಯಲ್ಲಿ ಬೆಳೆದ ನಾನು ಮದುವೆಯಾದ ಮೊದಲ ಬೇಸಿಗೆಯಲ್ಲೇ ಅಲ್ಲಿಗೆ ಹೋದೆ. ಕಣ್ಣು ಹಾಯುವವರೆಗೂ ಬಯಲು. ಗೋಡೆ ಬಿದ್ದು ಹೂಳು ತುಂಬಿ, ಒಂದು ಮನೆಯ ಗುರುತೂ ಇಲ್ಲ. ಆದರೆ ಯಾರೂ ಅಡ್ಡ ಹಾಯಲಿಲ್ಲ. ಇಲ್ಲದ ಓಣಿಯಲ್ಲಿ ನಡೆದು, ಇಲ್ಲದ ಮೂಲೆಯಲ್ಲಿ ಹೊರಳಿ, ನಡುಬಯಲಿನಲ್ಲಿ ಸಾಲಾಗಿ ಚಪ್ಪಲಿ ಬಿಟ್ಟು 'ಒಳಗೆ' ಹೋದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

"ಗ್ವಾಡಿ ಮ್ಯಾಲ ಹಾದು ಬರಾಕತ್ತಿಯಲ್ಲ ಬೇ, ಕಣ್ಣ ಕಾಣಂಗಿಲ್ಲೇನ?" ಎಂದು ಅತ್ತೆ ಬೈದರು. ತಮಾಷೆಯಲ್ಲ, ನಿಜವಾಗಿಯೇ ಸಿಟ್ಟಾಗಿದ್ದರು. ಆಗ ನಗು ನಿಂತಿತು, ಬುದ್ಧಿಯೇನೂ ಬರಲಿಲ್ಲ.

ಹೋದ ವರ್ಷ, ಮುಂಗಾರು ಹಿಡಿಯುವ ಹೊತ್ತಿಗೆ, ನಾವೆಲ್ಲ ಹಳೆಯ ಊರಿನ ಬಯಲಿನಲ್ಲಿದ್ದಾಗಲೇ, ಮೇಲಿನಿಂದ ನೀರು ಬಿಟ್ಟಿದ್ದಾರೆಂದು ಸುದ್ದಿ ಬಂತು. ಇಳಿಬಿಸಿಲಿನಲ್ಲಿ ಎಲ್ಲರೂ ಗಡಿಬಿಡಿಯಿಂದ ದಿಬ್ಬದ ಮೇಲಿನ ಟ್ರ್ಯಾಕ್ಟರ್ ಹತ್ತಿದರು. ಅತ್ತೆ ಮಾತ್ರ ಇಲ್ಲ. ಅವರಿಗೆ ಕೆಲ ಕಾಲದಿಂದ ಮರೆವು ಹತ್ತಿತ್ತು. ನಾನು ಕೆಳಗೆ ಓಡಿ ಬಂದು ನೋಡಿದರೆ, ತಮ್ಮ ಮನೆಯಿದ್ದ ಜಾಗದಲ್ಲಿ ನಿಂತು ಅಂಗೈಯಿಂದ ಗಾಳಿಯನ್ನು ಸವರುತ್ತಿದ್ದರು. ಬಯಲಿನ ಅಂಚಿನಲ್ಲಿ ನೀರು ಹೊಳೆಯುತ್ತ ಏರುತ್ತಿತ್ತು.

"ಅತ್ತಿ, ಲಗೂನ ಬರ್ರಿ. ನೀರ ಬರಾಕತ್ತಾವ."

"ಹ್ಯಾಂಗ ಬರಲಿ? ಹೊರಗಿಂದ ಬಾಗಲಾ ಹಾಕ್ಯಾರಲ್ಲ."

ಕೈ ಹಿಡಿದು ನನ್ನ ಕಡೆಗೆ ಎಳೆದೆ. ಚೀರಿ ಬಿಡಿಸಿಕೊಂಡರು. ಮುಂಗೈ ತರಚಿ ರಕ್ತ ಜಿನುಗುತ್ತಿತ್ತು. ನನ್ನ ಬಳೆ ತಾಗಿರಬೇಕು ಎಂದುಕೊಂಡೆ.

ದಿಬ್ಬದ ಮೇಲೆ ಹಾರ್ನ್ ಬಡಿದುಕೊಳ್ಳುತ್ತಿತ್ತು. ಅವರನ್ನು ಹೊತ್ತುಕೊಂಡು ಹೋಗುವಷ್ಟು ಬಲ ನನಗಿಲ್ಲ. ಬಿಟ್ಟು ಹೋಗುವುದು ಹೇಗೆ? ಅಳು ಬಂತು. ಕೊನೆಗೆ ಸುತ್ತು ಹಾಕಿ, ಬಾಗಿಲೆಂದು ಅವರು ಪ್ರತಿ ಬೇಸಿಗೆ ಹೇಳುತ್ತಿದ್ದ ಕಡೆಗೆ ಹೋಗಿ, ಚಿಲಕ ತೆಗೆದಂತೆ ಕೈ ಆಡಿಸಿ ಒಳಗೆ ಕಾಲಿಟ್ಟೆ. ಅಲ್ಲಿ ಸೆಕೆಯಿರಲಿಲ್ಲ. ಹಾರ್ನಿನ ಸದ್ದು ಎಲ್ಲೋ ದೂರದ್ದಾಯಿತು. ಹಸಿ ಸೆಗಣಿ ಸಾರಿಸಿದ ನೆಲದ ವಾಸನೆ ಬಂತು. ನನಗೆ ಹೆದರಿಕೆಯಾಯಿತು.

"ತಗದಿ? ಛಲೋ ಆತು" ಎಂದು ಅತ್ತೆ ನನ್ನ ಪಕ್ಕದಿಂದ ಹಾದು ಸಲೀಸಾಗಿ ಹೊರಗೆ ನಡೆದರು.

ನಾನೂ ಹಿಂದೆಯೇ ಹೊರಟೆ. ಕಾಲು ಕೇಳಲಿಲ್ಲ. ಕೆಸರಿನಲ್ಲಿ ಹೂತಿರಲಿಲ್ಲ, ಮಣ್ಣು ಗಟ್ಟಿಯಾಗಿಯೇ ಇತ್ತು. ಎದುರಿಗೆ ಬರೀ ಬಯಲು. ಆದರೂ ಏನೋ ಹಣೆಗೆ ಅಡ್ಡವಾಗಿತ್ತು. ನೀರು ಹತ್ತಿರ ಬಂದಿತ್ತು. "ಅತ್ತಿ" ಎಂದು ಕೂಗಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವರು ತಿರುಗಿ ಬಂದು ತರಚಿದ ಕೈಯನ್ನೇ ಚಾಚಿದರು.

"ಅಳಬ್ಯಾಡ ಬೇ, ನಾ ಇಲ್ಲೇ ಅದೀನಿ. ಬಗ್ಗು, ತಲಿ ಬಡೀತೈತಿ."

ನಾನು ಬಗ್ಗಿದೆ.