ಹಸುವಿನ ಡಿಗ್ರಿ

ನಮ್ಮ ಮನೆಯಿಂದ ದಿನಕ್ಕೆ ಎರಡು ಹೊತ್ತು ಡೈರಿಗೆ ಹಾಲು ಹೋಗುತ್ತದೆ. ಆ ಮನೆಯಲ್ಲಿ ಹಾಲು, ಮೊಸರು, ಮಜ್ಜಿಗೆ, ತುಪ್ಪ ಯಾವುದನ್ನೂ ಮುಟ್ಟದವಳು ನಾನೊಬ್ಬಳೇ. ಬಿಟ್ಟು ಎರಡು ವರ್ಷ ದಾಟಿತು. ಕಾರಣವನ್ನು ಇಲ್ಲಿ ಬರೆಯುವುದಿಲ್ಲ; ಅದು ನನಗೂ ಒಂದು ಕರುವಿಗೂ ಸೇರಿದ್ದು. ಮೊಟ್ಟೆ, ಮಾಂಸ ಅದಕ್ಕೂ ಮೊದಲೇ ಬಿಟ್ಟಿದ್ದೆ. ಅವ್ವ ಇದನ್ನೆಲ್ಲ ಓದಿನ ಜೊತೆಗೆ ಅಂಟಿಕೊಂಡ ಸಣ್ಣ ಕಾಯಿಲೆಯೆಂದು ತಿಳಿದು, ತಾನಾಗಿಯೇ ವಾಸಿಯಾಗಲಿ ಎಂದು ಕಾಯುತ್ತಿದ್ದಳು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಕಳೆದ ವರ್ಷ ನನ್ನ ರಕ್ತದಲ್ಲೂ ಸಕ್ಕರೆ ಗಡಿಯ ಹತ್ತಿರ ಬಂದು ನಿಂತಿದೆ ಎಂದು ಗೊತ್ತಾಯಿತು. ಅಂದೇ ಮುದ್ದೆಯನ್ನೂ ಅನ್ನವನ್ನೂ ತಟ್ಟೆಯಿಂದ ತೆಗೆದೆ. ಉಳಿದದ್ದು ಸೊಪ್ಪು, ಕೋಸು, ತರಕಾರಿ ಪಲ್ಯ ಮತ್ತು ಬಟ್ಟಲಲ್ಲಿ ಕುಡಿಯುವ ಸಾರು.

"ಮುದ್ದೆ ಇಲ್ದೆ ಸಾರು ಯಾತಕ್ಕೆ, ಕೈ ತೊಳ್ಯಕ್ಕಾ?" ಎಂದು ಅವ್ವ ಕೇಳಿದಳು. ನಾನು ಕುಡಿಯುತ್ತ ಹೋದೆ.

ಆರು ತಿಂಗಳಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಒಂದು ಸೋಮವಾರ ಬೆಟ್ಟದಪುರದ ಬೆಟ್ಟ ಹತ್ತುವಾಗ ಅರ್ಧದಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಐವತ್ತೈದು ದಾಟಿದ ಅವ್ವ ಮೇಲೆ ಹೋಗಿ ಪೂಜೆ ಮಾಡಿಸಿ ಇಳಿದು ಬಂದರೂ ನಾನು ಅದೇ ಮೆಟ್ಟಿಲಲ್ಲಿದ್ದೆ. ಮಾರನೆಯ ದಿನ ಅವಳು ಹುಣಸೂರಿನ ಡಾಕ್ಟರ ಹತ್ತಿರ ನನ್ನನ್ನು ಎಳೆದುಕೊಂಡೇ ಹೋದಳು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಎರಡು ಸಲ ನೋಡಿದರು. "ಸಕ್ಕರೆ ಇಳಿಸಿದ್ದೀರಿ, ಒಳ್ಳೇದು. ಜೊತೇಲಿ ಪ್ರೋಟೀನೂ ಇಳಿದಿದೆಯಲ್ಲ. ದಿನಾ ಎರಡು ಮೊಟ್ಟೆ, ಎರಡು ಲೋಟ ಹಾಲು. ಸುಲಭ."

"ಎರಡೂ ತಗೊಳ್ಳಲ್ಲ ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಕಾಳು, ಕಡಲೆಬೀಜ, ಸೋಯಾ. ದಿನಕ್ಕೆ ಅರವತ್ತು ಗ್ರಾಂ ಪ್ರೋಟೀನ್ ಆಗೋ ಹಾಗೆ ತೂಗಿ ತಿನ್ನಿ. ಮೂರು ತಿಂಗಳು ಬಿಟ್ಟು ನೋಡೋಣ."

ಬಸ್ಸಿನಲ್ಲಿ ಅವ್ವ ತನ್ನ ಷರತ್ತು ಹೇಳಿದಳು. "ಮೂರು ತಿಂಗ್ಳು ನಿನ್ ಆಟ ನೀನಾಡು. ಆಮೇಲೂ ರಿಪೋಲ್ಟು ಇಂಗೇ ಬಂದ್ರೆ ಬೆಳಿಗ್ಗೆ ಒಂದು ಲೋಟ ಹಾಲು, ಸಂಜೆ ಒಂದು ಲೋಟ. ತುಟಿ ಪಿಟಕ್ ಅನ್ನಂಗಿಲ್ಲ."

"ಆಯ್ತು" ಎಂದೆ. ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ಅಭ್ಯಾಸ ನನಗಿಲ್ಲ. ಹೆದರಿಕೆ ಆದದ್ದೂ ಅದಕ್ಕೇ. ಮನೆಗೆ ಬಂದ ಕೂಡಲೇ ಅವ್ವ ನಾನು ಚಿಕ್ಕವಳಿದ್ದಾಗ ಹಾಲು ಕುಡಿಯುತ್ತಿದ್ದ ಸ್ಟೀಲಿನ ಲೋಟವನ್ನು ಹುಡುಕಿ ತೆಗೆದು, ಹುಣಸೆಹಣ್ಣು ಹಾಕಿ ಉಜ್ಜಿ, ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ಅದು ಅಲ್ಲಿ ಹೊಳೆಯುತ್ತ ಕುಳಿತಿತು.

ಹುಣಸೂರಿನ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ತೂಗುವುದು, ಬರೆದಿಡುವುದು ನನಗೆ ಹಿಡಿಸುವ ಕೆಲಸ. ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ತಂದೆ, ನೂರು ಪುಟದ ನೋಟ್‌ಬುಕ್ ತೆಗೆದೆ. ಹಾಲು, ಮೊಟ್ಟೆ ಇಲ್ಲದೆ ಪ್ರೋಟೀನ್ ಸಿಗುವ ಪದಾರ್ಥಗಳು ಬೇಕಾದಷ್ಟಿವೆ; ಜೊತೆಗೆ ಹೆಚ್ಚು ಪಿಷ್ಟವನ್ನು ಕರೆದುಕೊಂಡು ಬಾರದವು ಕಡಿಮೆ. ಹುರಿದ ಕಡಲೆಬೀಜ, ಹುಚ್ಚೆಳ್ಳಿನ ಪುಡಿ, ಭಾನುವಾರ ಬೈಲಕುಪ್ಪೆಯ ಟಿಬೆಟನ್ನರ ಅಂಗಡಿಯಿಂದ ತರುವ ತೋಫು. ಮೊದಲ ಸಲ ತೋಫು ತಂದಾಗ ಅವ್ವ ಅದನ್ನು ಬೆರಳಿನಿಂದ ಒತ್ತಿ ನೋಡಿದಳು.

"ಇದ್ಯಾವ ಹಸೀಂದು?"

"ಹಸೂದಲ್ಲ ಅವ್ವ. ಸೋಯಾ ಕಾಳಿನ ಹಾಲು ಒಡೆಸಿ ಮಾಡಿದ್ದು."

"ಕಾಳ್ನ ಎಂಗೆ ಕರೀತಾರೆ?"

ಜಗಲಿಯಲ್ಲಿದ್ದ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಬಾಲ ಎತ್ತಿ ನೋಡ್ತಾರೆ ಕಣೆ. ಹೆಣ್ಣುಕಾಳಾದ್ರೆ ಕರೀತಾರೆ."

ಇವೆಲ್ಲ ಸೇರಿ ನಲವತ್ತು ಗ್ರಾಂ ಆಗುತ್ತಿತ್ತು. ಉಳಿದ ಇಪ್ಪತ್ತನ್ನು ಹುರುಳಿಗೆ ವಹಿಸಿದೆ. ನೂರು ಗ್ರಾಂ ಹುರುಳಿಯಿಂದ ಅಷ್ಟು ಬರುತ್ತದೆ. ಹುರುಳಿಯಲ್ಲಿ ಪಿಷ್ಟವೂ ಇದೆ, ಆದರೆ ಮುದ್ದೆ ಅನ್ನ ಎರಡೂ ಇಲ್ಲದ ತಟ್ಟೆಯಲ್ಲಿ ಅದಕ್ಕೆ ಜಾಗವಿತ್ತು. ಹೊಗೆಸೊಪ್ಪು ಮುಗಿದ ಮೇಲೆ ಹೊಲಕ್ಕೆ ಹುರುಳಿ ಚೆಲ್ಲುವುದು ನಮ್ಮಲ್ಲಿ ವಾಡಿಕೆ. ಮನೆಯಲ್ಲಿ ಮೂಟೆಗಟ್ಟಲೆ ಇತ್ತು. ಸಂಜೆ ನಾನು ನೂರು ಗ್ರಾಂ ತೂಗಿ ನೆನೆಹಾಕುತ್ತಿದ್ದೆ. ನಸುಕಿನಲ್ಲಿ ಅವ್ವ ಬೇಯಿಸಿ ಸಾರು ಮಾಡುತ್ತಿದ್ದಳು. ಡಬ್ಬಿಯಲ್ಲಿ ಅರ್ಧ ಒಯ್ಯುತ್ತಿದ್ದೆ, ಉಳಿದರ್ಧ ರಾತ್ರಿ ಊಟಕ್ಕೆ. ಹೊರಡುವ ಮುಂಚೆ ದಿನವೂ ಕೇಳುತ್ತಿದ್ದೆ.

"ಕಾಳು ಹಾಕಿದೀಯಾ ಅವ್ವ?"

"ರುಬ್ಬಿ ಹಾಕಿವ್ನಿ ಕಣವ್ವ. ಸಾರು ಎಂಗೆ ಗಟ್ಟಿಗದೆ ನೋಡು."

ಸಾರು ಗಟ್ಟಿಯಾಗಿಯೇ ಇತ್ತು, ರುಚಿಯಾಗಿಯೂ ಇತ್ತು. ಹುರುಳಿ, ನೂರು ಗ್ರಾಂ ಎಂದು ಬರೆದುಕೊಳ್ಳುತ್ತಿದ್ದೆ.

ಅದೇ ದಿನಗಳಲ್ಲಿ ಮನೆಯ ಇನ್ನೊಂದು ಅಂಕಿ ಮೇಲಕ್ಕೆ ಹೋಗುತ್ತಿತ್ತು. ಡೈರಿಯಲ್ಲಿ ಹಾಲಿನ ಗಟ್ಟಿತನವನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ನಮ್ಮ ಹಸುವಿನದು ಯಾವಾಗಲೂ ಪಾಸಾದರೆ ಸಾಕು ಎನ್ನುವಂಥ ಡಿಗ್ರಿ. ಅದು ಇದ್ದಕ್ಕಿದ್ದಂತೆ ಏರತೊಡಗಿತು. ಅವ್ವ ಖಾಲಿ ಕ್ಯಾನನ್ನು ಬೀಸಿಕೊಂಡು ಮನೆಗೆ ಬರುತ್ತಿದ್ದಳು.

"ಸೆಕ್ರೆಟ್ರಿ ಕೇಳ್ದ, ಹಸೀಗೆ ಏನವ್ವ ಹಾಕ್ತೀಯ ಅಂತ. ಅದೇ ಬೂಸ ಕಣಪ್ಪ, ದೃಷ್ಟಿ ಹಾಕ್ಬೇಡ ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ನೀನು ಐದು ವರ್ಸ ಓದಿ ಎರಡು ಡಿಗ್ರಿ ತಕಂಡೆ. ನಮ್ಮ ಹಸ ಎರಡೇ ತಿಂಗ್ಳಿಗೆ ಎರಡು ಡಿಗ್ರಿ ಮಾಡ್ಬುಡ್ತು ಕಣೆ."

ಆ ಎರಡು ತಿಂಗಳಲ್ಲಿ ನನ್ನ ತೂಕ ಕದಲಿರಲಿಲ್ಲ. ಬಾಚಣಿಗೆ ಹಾಗೆಯೇ ತುಂಬುತ್ತಿತ್ತು. ನೋಟ್‌ಬುಕ್ಕನ್ನು ಮೊದಲ ಪುಟದಿಂದ ಕೂಡಿ ನೋಡಿದೆ. ಎಲ್ಲಿಯೂ ತಪ್ಪಿರಲಿಲ್ಲ. ದಿನಕ್ಕೆ ಅರವತ್ತು, ಒಮ್ಮೊಮ್ಮೆ ಅರವತ್ತೆರಡು. ಗೂಡಿನಲ್ಲಿದ್ದ ಲೋಟದ ಕಡೆ ನೋಡದೆ ಅಡುಗೆಮನೆಗೆ ಹೋಗಿ ಬರುವುದನ್ನು ಕಲಿತೆ.

ಇನ್ನೊಂದು ತಿಂಗಳು ಉಳಿದಿತ್ತು. ಅಂದು ಕಾಲೇಜಿಗೆ ರಜೆ. ಹಿತ್ತಲ ಬಾಗಿಲಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವ್ವ ಬೆಂದ ಹುರುಳಿಯ ಪಾತ್ರೆಯನ್ನು ಬಟ್ಟೆ ಹಿಡಿದು ಇಳಿಸಿ, ಬಾಯಿಗೆ ತಟ್ಟೆ ಮುಚ್ಚಿ, ಬಗ್ಗಿಸಿ ಕಟ್ಟು ಬಸಿದಳು. ಹುರುಳಿ ಬೇಯಿಸಿದ ಆ ಕಂದು ನೀರು ಕೊನೆಯ ತೊಟ್ಟಿನವರೆಗೂ ಇಳಿಯಲೆಂದು ಪಾತ್ರೆಯನ್ನು ಹಾಗೆಯೇ ಹಿಡಿದುಕೊಂಡಿದ್ದಳು. ಒಂದು ಹಿಡಿ ಕಾಳನ್ನು ಮಸಾಲೆಯ ಜೊತೆ ರುಬ್ಬಲು ತೆಗೆದಿಟ್ಟಳು. ಉಳಿದ ಕಾಳನ್ನೆಲ್ಲ ಬಕೆಟ್ಟಿಗೆ ಸುರಿದು, ಬೂಸ ಬೆರೆಸಿ, ಕೊಟ್ಟಿಗೆಗೆ ನಡೆದಳು.

ನಾನು ಕೆಂಪು ಪೆನ್ನು ಹಿಡಿದುಕೊಂಡೇ ಹಿಂದೆ ಹೋದೆ. ಹಸು ಆಗಲೇ ಕಿವಿಯವರೆಗೂ ಬಕೆಟ್ಟಿನೊಳಗಿತ್ತು.

"ಅವ್ವ, ಅದು ನನ್ನ ಕಾಳು."

"ನಿನ್ನ ಕಾಳೆಲ್ಲಿ ಬಂತು. ಅದು ಚರಟ. ಸತ್ವ ಎಲ್ಲ ಕಟ್ಗೆ ಇಳ್ದದೆ, ಅದ ನಿಂಗೆ ಬಸ್ದು ಮಡಗಿವ್ನಿ. ನಿಮ್ಮಪ್ಪಂಗೂ ಒಂದು ತೊಟ್ಟು ಕೊಟ್ಟಿಲ್ಲ."

"ನಾನು ನೂರು ಗ್ರಾಂ ನೆನೆಹಾಕಿದ್ದು. ಇಲ್ಲಿ ಅರ್ಧ ಬಕೆಟ್ ಇದೆ."

"ನಿನ್ನ ಆ ಹಿಡಿ ಕಾಳ್ಗೆ ಕಟ್ಟು ಎಲ್ಲಿ ಬಂದಾತು? ನೀ ಮಲಗಿದ ಮ್ಯಾಲೆ ದಿನಾ ಒಂದು ಸೇರು ಸೇರುಸ್ತಿವ್ನಿ. ಮಗಳು ಸೊರಗವ್ಳೆ, ಕಟ್ಟು ಗಟ್ಟಿಗಿರ್ಲಿ ಅಂತ."

ನಮ್ಮ ಕಡೆ ಹುರುಳಿಯ ಕಟ್ಟು ಮನುಷ್ಯರಿಗೆ, ಕಾಳು ದನಕ್ಕೆ. ಬಾಣಂತಿಗೂ ಜ್ವರದಿಂದ ಎದ್ದವರಿಗೂ ಅವ್ವ ಕಟ್ಟನ್ನೇ ಕೊಟ್ಟು ಮೇಲೆತ್ತಿದ್ದಾಳೆ. ನನಗೂ ತನಗೆ ಗೊತ್ತಿದ್ದರಲ್ಲಿ ಅತ್ಯುತ್ತಮವಾದದ್ದನ್ನೇ, ಒಂದು ಹನಿ ಬಿಡದೆ ಬಸಿದು ಕೊಡುತ್ತಿದ್ದಳು. ನನ್ನ ಮೇಲಿನ ಚಿಂತೆ ಹೆಚ್ಚಾದಷ್ಟೂ ಹಸುವಿಗೆ ಹೆಚ್ಚು ಕಾಳು ಬಿದ್ದಿತ್ತು. ನಾನು ಒಲ್ಲೆನೆಂದ ಹಾಲು ನನ್ನ ನೋಟ್‌ಬುಕ್ಕಿನ ಪ್ರೋಟೀನಿನಿಂದಲೇ ಗಟ್ಟಿಯಾಗುತ್ತಿತ್ತು.

ಕೋಪ ಬರಬೇಕಿತ್ತು. ಕೊಟ್ಟಿಗೆಯ ಕಂಬ ಹಿಡಿದುಕೊಂಡು ನಕ್ಕೆ, ನಿಲ್ಲಿಸಲಾಗದಷ್ಟು. ನಾನು ದನಿ ಎತ್ತಿ ನಗುವವಳಲ್ಲ; ಹಸು ಕೂಡ ತಲೆ ಎತ್ತಿ ನೋಡಿತು. ಅದರ ಮೂಗಿನ ಮೇಲೆ ನಾಲ್ಕು ಕಾಳು ಅಂಟಿದ್ದವು.

ಪ್ರೋಟೀನಿನ ಹೆಚ್ಚಿನ ಪಾಲು ಕಾಳಿನಲ್ಲೇ ಉಳಿಯುತ್ತದೆ, ಕಟ್ಟಿಗೆ ಸ್ವಲ್ಪ ಮಾತ್ರ ಇಳಿಯುತ್ತದೆ ಎಂದು ವಿವರಿಸಲು ಬಾಯಿ ತೆರೆದೆ. ಆಮೇಲೆ ಬೇರೆ ಪ್ರಶ್ನೆ ಕೇಳಿದೆ.

"ಹಸೂನ ಡಿಗ್ರಿ ಏರಕ್ಕೆ ಶುರುವಾಗಿದ್ದು ಯಾವಾಗಿಂದ ಅವ್ವ?"

ಅವ್ವ ಬೆರಳಿನ ಗೆಣ್ಣು ಎಣಿಸಿದಳು. "ನೀನು ಆ ತಕ್ಕಡಿ ತಂದ್ಯಲ್ಲ, ಅದಾಗಿ ಒಂದು ವಾರಕ್ಕೋ, ಎರಡು ವಾರಕ್ಕೋ..." ಅಲ್ಲಿಗೆ ನಿಂತಳು. ಹಸುವನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಸುವನ್ನು ನೋಡಿದಳು. "ಅಯ್ಯೋ ನಿನ್ನ" ಎಂದಳು. ಯಾರಿಗೆ ಎಂದು ತಿಳಿಯಲಿಲ್ಲ. ಬಗ್ಗಿ ಬಕೆಟ್ಟನ್ನು ಎಳೆದಳು. ಹಸು ಬಿಡಲಿಲ್ಲ.

ನಾನು ಹೇಳಿದ್ದರೆ ಅವ್ವ ಒಪ್ಪುತ್ತಿರಲಿಲ್ಲ. ಡೈರಿಯವರ ಅಳತೆ ಹೇಳಿದ್ದನ್ನು ಅಲ್ಲಗಳೆಯುವುದು ಅವಳಿಗೆ ಸಾಧ್ಯವಿರಲಿಲ್ಲ.

ಮಾರನೆಯ ದಿನದಿಂದ ನನ್ನ ನೂರು ಗ್ರಾಂ ಬೇರೆ ಕುಕ್ಕರಿನಲ್ಲಿ ಬೆಂದಿತು. ಬಸಿಯದೆ, ನೀರು ಅಲ್ಲೇ ಇಂಗುವಂತೆ ಮಾಡಿ, ಒಗ್ಗರಣೆ, ಕಾಯಿತುರಿ, ಮೇಲೆ ಹುಚ್ಚೆಳ್ಳಿನ ಪುಡಿ. ಹಸುವಿನ ಪಾಲನ್ನು ಪೂರ್ತಿ ನಿಲ್ಲಿಸುವುದು ಬೇಡವೆಂದೆ. ಅದರ ತಪ್ಪೇನೂ ಇರಲಿಲ್ಲ. ಸೇರು ಪಾವಿಗೆ ಇಳಿಯಿತು. ಅವ್ವ ಈಗ ನನ್ನನ್ನೂ ಹಸುವನ್ನೂ ಒಂದೇ ಕಣ್ಣಿನಿಂದ ನೋಡತೊಡಗಿದಳು. "ಅದು ಎರಡು ತಿಂಗ್ಳಿಗೆ ಎರಡು ಏರ್ತು. ನೀ ಒಂದು ತಿಂಗ್ಳಿಗೆ ಎಷ್ಟು ಏರ್ತೀಯ ನೋಡ್ತೀನಿ. ನಿಂಗೂ ಒಸಿ ಹಿಂಡಿ ನೆನೆಹಾಕ್ಲಾ?" ತೋಫುವನ್ನು ಎಣ್ಣೆಯಲ್ಲಿ ಹುರಿದು ಬಸ್ಸಾರಿನ ಖಾರ ಹಚ್ಚುವುದನ್ನು ತಾನೇ ಕಂಡುಹಿಡಿದಳು. ಅದರಲ್ಲಿ ಅರ್ಧ ಅಪ್ಪನ ತಟ್ಟೆಗೆ ಹೋಗತೊಡಗಿದ್ದರಿಂದ ಭಾನುವಾರ ಎರಡು ಪ್ಯಾಕೆಟ್ ತರಬೇಕಾಯಿತು.

"ಆ ಹೆಣ್ಣುಕಾಳಿಂದು ಇನ್ನೂ ಅದಾ?" ಎಂದು ಅಪ್ಪ ಕೇಳುತ್ತಿದ್ದ.

ಒಂದು ಬೆಳಿಗ್ಗೆ ಗೂಡಿನಲ್ಲಿ ಲೋಟ ಕಾಣಲಿಲ್ಲ. ನನ್ನ ಡಬ್ಬಿಯ ಪಕ್ಕದಲ್ಲಿತ್ತು, ನೆನೆಸಿದ ಕಡಲೆಬೀಜ ತುಂಬಿಕೊಂಡು. ಇನ್ನೂ ಎರಡು ವಾರ ಬಾಕಿ ಇದ್ದರೂ ನನಗೆ ಅಂದೇ ಅರ್ಧ ಗೆದ್ದ ಹಾಗಾಯಿತು.

ರಿಪೋರ್ಟು ಬಂದ ದಿನ ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡರು. ಪ್ರೋಟೀನ್ ಇರಬೇಕಾದ ಗೆರೆಯೊಳಗೆ ಬಂದಿತ್ತು, ಅಂಚಿನಲ್ಲೇ ಆದರೂ. ಸಕ್ಕರೆ ಏರಿರಲಿಲ್ಲ. ತೂಕ ಒಂದು ಕಿಲೋ ಹೆಚ್ಚಿತ್ತು.

"ಪರವಾಗಿಲ್ಲ, ದಾರಿಗೆ ಬಂದಿದೆ. ಹೀಗೇ ಮುಂದುವರಿಸಿ. ಏನು ಬದಲಾಯಿಸಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು. "ಹಸೀನ್ ಬಕೀಟಿಂದ ಎತ್ಕೊಂಡೊ ಕಣ್ರವ್ವ."

ಡಾಕ್ಟರು ನನ್ನ ಮುಖ ನೋಡಿದರು. ನಾನು ರಿಪೋರ್ಟನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡೆ.

ಸಂಜೆ ಹಾಲಿನ ಕ್ಯಾನು ನಾನೇ ಎತ್ತಿಕೊಂಡು ಅವ್ವನ ಜೊತೆ ಹೊರಟೆ. ಎಷ್ಟೋ ತಿಂಗಳಾಗಿತ್ತು ಅದನ್ನು ಎತ್ತಿ. ಡೈರಿಯ ಮುಂದೆ ಎಂದಿನಂತೆ ಸಾಲಿತ್ತು. ನಮ್ಮ ಸರದಿ ಬಂದಾಗ ಸೆಕ್ರೆಟ್ರಿ ಹಾಲು ಅಳೆದು, ಬಗ್ಗಿ ನೋಡಿ, ಮತ್ತೊಮ್ಮೆ ಅಳೆದ.

"ಯಾಕವ್ವ, ಒಂದು ತಿಂಗ್ಳಿಂದ ಡಿಗ್ರಿ ಇಳೀತಾನೇ ಅದೆ. ಹಸೀಗೆ ಹುಷಾರಿಲ್ವಾ?"

"ಹಸ ಚೆಂದಾಗೇ ಅದೆ ಕಣಪ್ಪ. ಈ ಸಲ ಮಗಳಿಗೆ ಏರ್ಬುಡ್ತು."

ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಬೇರೆ ದಿನವಾಗಿದ್ದರೆ ಅವ್ವನ ಬೆನ್ನ ಹಿಂದೆ ಸರಿಯುತ್ತಿದ್ದೆ. ಅಂದು ಖಾಲಿ ಕ್ಯಾನು ಹಿಡಿದು, ಅವರು ನೋಡಿ ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.