ನಲವತ್ತು ಎಲೆಯ ಸಿಂಪಲ್ ಮದುವೆ

ಬೆಳಿಗ್ಗೆ ಮಗಳು ಫೋನನ್ನು ಮುಖಕ್ಕೇ ಹಿಡಿದಳು. ಅವಳದೇ ಮದುವೆಯ ಕರೆಯೋಲೆ, ಇನ್ನೂ ಯಾರಿಗೂ ಕಳಿಸಿಲ್ಲ. "ಸಿಂಪಲ್ಲಾಗಿ ಮಾಡೋಣಮ್ಮಾ, ಮೂವತ್ತೇ ಜನ," ಎಂದಳು. ನಗು ಉಕ್ಕಿ ಕಾಫಿ ನೆತ್ತಿಗೆ ಹತ್ತಿತು.

ನೀವೇ ಹೇಳಿ, ಈ ಸಿಂಪಲ್ ಎಂಬ ಪದವನ್ನು ನಾವು ಎಲ್ಲಿ ಬಳಸುವುದಿಲ್ಲ? ಹತ್ತು ಬಗೆ ಬಡಿಸಿ "ಏನೋ, ಸಿಂಪಲ್ಲಾಗಿ ಮಾಡಿದೀನಿ" ಎನ್ನುತ್ತೇವೆ. ಸಾಗರದಲ್ಲಿ ಟೈಲರ್ ಆಗಿದ್ದ ನನ್ನಪ್ಪನಂತೂ ನಾಲ್ಕು ಜೇಬಿನ ಅಂಗಿ ಹೊಲಿದು "ತಗೊಳಿ, ಸಿಂಪಲ್ ಅಂಗಿ" ಎಂದು ಕೊಡುತ್ತಿದ್ದ.

ಅಂಥವನಿಗೆ ನಾನು ಹೇಳಿದ್ದೆ, ನನ್ನ ಮದುವೆ ಸಿಂಪಲ್ಲಾಗಿರಬೇಕು, ನಲವತ್ತೇ ಎಲೆ ಎಂದು. ಹಾರ ಹಾಕುವಾಗ ನೂರಾರು ಜನ ನೋಡಿದರೆ ಅತ್ತೇಬಿಡುತ್ತೇನೆ ಎಂಬ ಭಯ ನನಗೆ. ಅಪ್ಪ ಒಪ್ಪಿದ. ಆದರೆ ಅವನಿಗೊಂದು ಸಂಕಟ. "ಕರೀದೇ ಇದ್ರೆ ಬೇಜಾರ್ ಮಾಡ್ಕೋತಾರಲ್ಲೇ. ಮನೆಗೇ ಹೋಗಿ ಹೇಳ್ ಬರ್ತೀನಿ."

ಕರೆಯುತ್ತಿಲ್ಲ ಎಂದು ಹೇಳಲು ಮನೆಮನೆಗೆ ಹೋದ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿರಲಾರ! ಆನಂದಪುರ, ಹೊಸನಗರ, ತೀರ್ಥಹಳ್ಳಿ ಎಂದು ಐದು ದಿನ ಬಸ್ಸಿನಲ್ಲೇ ಇದ್ದ. ಹೋದಲ್ಲೆಲ್ಲ ಕಾಫಿ ಕುಡಿದು, "ಸಿಂಪಲ್ಲಾಗಿ ಮಾಡ್ತಿದೀವಿ, ಯಾರ್ನೂ ಕರೀತಿಲ್ಲ. ಬರೋ ಗುರುವಾರ, ಹತ್ತೂವರೆಗೆ ಮುಹೂರ್ತ," ಎಂದು ಹೇಳಿಬಂದ. ಛತ್ರದ ದಾರಿಯನ್ನೂ ಹೇಳಿದ್ದನಂತೆ.

ಗುರುವಾರ ಛತ್ರದ ಬಾಗಿಲಲ್ಲಿ ಜನವೋ ಜನ. ತೀರ್ಥಹಳ್ಳಿಯ ಸೋದರತ್ತೆ ನನ್ನ ಗಲ್ಲ ಹಿಂಡಿ, "ಕರೀದೇ ಇರೋರು ಮನೆ ತನಕ ಬಂದು ಹೇಳ್ತಾರೇನೇ? ಬರದೇ ಇರಕ್ಕಾಗತ್ತಾ?" ಎಂದಳು. ನಾನು ಬೆವತೇಹೋದೆ. ಊಟ ಸಾಲದಿದ್ದರೆ ಅಪ್ಪನ ಮಾನ ಏನಾಗಬೇಕು? ಬಾಸಿಂಗ ಕಟ್ಟಿಕೊಂಡೇ ಅಡಿಗೆಯವರ ಹತ್ತಿರ ಓಡಿದೆ. ಅವರು ಆರಾಮಾಗಿ ಸೌಟು ತಿರುವುತ್ತಿದ್ದರು.

"ಗಾಬರಿ ಯಾಕೆ ಮಾರಾಯ್ತಿ? ಸಿಂಪಲ್ ಅಂದ್ರಲ್ಲ ನಿಮ್ಮಪ್ಪ, ಅದ್ಕೇ ಮುನ್ನೂರಕ್ಕೇ ನಿಲ್ಸಿದೀನಿ."

ಅಪ್ಪನ ಮೇಲೆ ಹರಿಹಾಯ್ದೆ. "ನಾನೆಲ್ಲಿ ಕರ್ದೆ? ಹೇಳ್ದೆ ಅಷ್ಟೇ!" ಎಂದ. ಮುಖ ಮೊರದಗಲವಾಗಿತ್ತು.

ಹಾರ ಹಾಕುವಾಗ ಅತ್ತೇಬಿಟ್ಟೆ. ನೋಡಿದರೆ ಮುಂದಿನ ಸಾಲಿಂದ ಹಿಂದಿನ ಸಾಲಿನವರೆಗೆ ಎಲ್ಲರೂ ಮೂಗೊರೆಸಿಕೊಳ್ಳುತ್ತಿದ್ದಾರೆ! ಅಳುತ್ತಲೇ ನಗು ಬಂತು. ಇಷ್ಟೊಂದು ಜನ ನನ್ನವರು ಎಂದು ಅವತ್ತೇ ನನಗೆ ಗೊತ್ತಾದದ್ದು.

ಅಪ್ಪ ಈಗಿಲ್ಲ. ಮಗಳಿಗೆ "ಆಯ್ತು, ಮೂವತ್ತೇ" ಎಂದೆ. ಸೀರೆ ಬದಲಿಸಿ ಚಪ್ಪಲಿ ಮೆಟ್ಟಿದೆ.

"ಎಲ್ಲಿಗಮ್ಮಾ?"

"ತೀರ್ಥಹಳ್ಳಿಗೆ. ಅತ್ತೆ ಮನೇಲಿ ಹೇಳ್ ಬರ್ತೀನಿ, ನಿನ್ನ ಮದುವೆಗೆ ಕರೀತಿಲ್ಲ ಅಂತ."