ಕಂಚಿನ ಗಂಗಾಳದ ಮೇಲಿನ ‘ನ’

ಶಿರೋಳದಿಂದ ನರಗುಂದಕ್ಕೆ ಬೆಳಗಿನ ಬಸ್ಸು ಹತ್ತಿದಾಗ ಸೋದರತ್ತೆಯ ತೊಡೆಯ ಮೇಲೊಂದು ಚೀಲ, ಚೀಲದೊಳಗೆ ಯಾರದೋ ಕಂಚಿನ ಊಟದ ಗಂಗಾಳ. ಹೆಂಗಸರಿಬ್ಬರಿಗೂ ಶೂನ್ಯ ದರದ ಟಿಕೆಟ್ ಹರಿದುಕೊಟ್ಟ ಕಂಡಕ್ಟರ್, “ಮದುವಿಗೇನ್ರಿ?” ಎಂದ.

“ಮದುವಿ ಮುಗದದ್ದಕ್ಕ ಹೊಂಟೀವಪಾ,” ಎಂದಳು ಅತ್ತೆ.

ನಿಜವೇ. ಪಕ್ಕದ ಮನೆಯ ನೀಲವ್ವನ ಮಗಳ ಮದುವೆಗೆ ಓಣಿಯವರೂ ನೆಂಟರೂ ತಂತಮ್ಮ ಭಾಂಡೆ-ಪಾತ್ರೆ ಕೊಟ್ಟಿದ್ದರು. ಮದುವೆ ಮುಗಿದ ಮೇಲೆ ಗದ್ದಲದಲ್ಲಿ ಅತ್ತೆಯ ಗಂಗಾಳ ಯಾರದೋ ಚೀಲ ಸೇರಿತ್ತು, ಬೇರೆ ಯಾರದೋ ಗಂಗಾಳ ಅತ್ತೆಯ ಪಾಲಿಗೆ ಬಂದಿತ್ತು. ಬರೀ ಕಂಚಿನ ಮಾತಾಗಿದ್ದರೆ ಹುಬ್ಬಳ್ಳಿಯಿಂದ ರಜೆ ಹಾಕಿ ನಾನು ಬರುತ್ತಿರಲಿಲ್ಲ. ಓದುಬರಹ ಬಾರದ ನಮ್ಮ ಅಜ್ಜಿ ನಿಂಗವ್ವ ಕಲಿತದ್ದು ಒಂದೇ ಅಕ್ಷರ. ತನ್ನ ಹೆಸರಿನ ಆ ‘ನ’ವನ್ನು ಮೊಳೆಯಿಂದ ಗಂಗಾಳದ ಬೆನ್ನಿಗೆ ತಾನೇ ಗೀರಿದ್ದಳು. ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ಕೊನೆಯ ಸುತ್ತನ್ನು ಅಂಚಿನತನಕ ಎಳೆದುಬಿಟ್ಟಿದ್ದಳು. ಆಕೆಯದೊಂದು ಫೋಟೊ ಕೂಡ ಇಲ್ಲ. ಅತ್ತೆಗೆ ತಾಯಿ ಎಂದು ಉಳಿದದ್ದು ಅದೊಂದೇ.

ನಮ್ಮ ಕೈಗೆ ಸಿಕ್ಕ ಗಂಗಾಳದ ಮೇಲಿದ್ದದ್ದು ಅರ್ಧ ಸುತ್ತು ಮತ್ತು ಒಂದು ಚುಕ್ಕಿ. ದುಂಡನೆಯ ಗಂಗಾಳಕ್ಕೆ ತಲೆ ಯಾವುದು, ಕಾಲು ಯಾವುದು? ಮದುವೆಯಿಂದ ಭಾಂಡೆ ಒಯ್ದ ನೆಂಟರ ಮನೆ ಮೂರು: ನರಗುಂದ, ರೋಣ, ಗಜೇಂದ್ರಗಡ. ಫೋನಿನಲ್ಲಿ ಕೇಳಿದರೆ ಯಾರೂ ಮಗುಚಿ ನೋಡಲಿಲ್ಲ, ಎಲ್ಲರದೂ ಒಂದೇ ಉತ್ತರ, ಗಂಗಾಳ ಗಂಗಾಳದ ಹಾಗಿದೆ ಎಂದು.

ನರಗುಂದದ ಮನೆಯ ಯಜಮಾನರು ನಿವೃತ್ತ ಮಾಸ್ತರರು. ಕನ್ನಡಕ ಏರಿಸಿ, “ಇದು ಠ. ತಲಿಕಟ್ಟು ಸವದೈತಿ ಅಷ್ಟ,” ಎಂದು ತೀರ್ಪು ಕೊಟ್ಟರು. ಠ-ದಿಂದ ಶುರುವಾಗುವ ಹೆಸರು ಯಾರದು ಎಂದು ಕೇಳಿದ್ದಕ್ಕೆ ಕನ್ನಡಕ ತೆಗೆದು ಒರೆಸತೊಡಗಿದರು. ಸೊಸೆ ಒಲೆಯ ಮುಂದಿನಿಂದಲೇ ನೋಡಿ, “ಇಂಗ್ಲಿಷ್ ಯು ಅಲ್ಲೇನ್ರಿ ಮಾವಾ?” ಎಂದಳು. ನಾನು ತಿರುಗಿಸಿ ಹಿಡಿದೆ, ಅದು ಸಿ ಆಯಿತು. ಅವರ ಮನೆಯಲ್ಲಿ ನಮ್ಮ ಗಂಗಾಳ ಇರಲಿಲ್ಲ. ಉಪ್ಪಿಟ್ಟು ಮಾತ್ರ ಚೆನ್ನಾಗಿತ್ತು.

ರೋಣಕ್ಕೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ನೆಂಟರು ಹೊಲಕ್ಕೆ ಹೋಗಿ ಬಾಗಿಲಿಗೆ ಕೀಲಿ. ಎದುರಿನ ಭಾಂಡೆ ಅಂಗಡಿಯ ಹಿರಿಯರು ಕುರ್ಚಿ ಹಾಕಿ ನೀರು ಕೊಟ್ಟರು. ಗಂಗಾಳ ನೋಡಿದ ಅವರ ಮುಖ ಅರಳಿತು.

“ಇದು ನಮ್ಮ ನೂನ್ ಇದ್ದಂಗೈತ್ರಿ ಅಕ್ಕಾರ. ಉರ್ದುದಾಗ ನ ಅಂದ್ರ ಇದ.”

“ಹಂಗಾದ್ರ ಕಳದದ್ದೂ ನ, ಸಿಕ್ಕದ್ದೂ ನ?” ಅತ್ತೆ ನನ್ನ ಮುಖ ನೋಡಿದಳು.

“ಹಿಂಗ ಹಿಡದ್ರ ಮಾತ್ರರಿ,” ಎಂದು ಅವರು ನಕ್ಕರು.

ನನ್ನ ತಲೆ ಕೆಟ್ಟು ಮೊಸರಾಯಿತು. ಒಂದೇ ಗೀರು ಒಬ್ಬರಿಗೆ ಠ, ಒಬ್ಬರಿಗೆ ಯು, ಇನ್ನೊಬ್ಬರಿಗೆ ನೂನ್. ಮಧ್ಯಾಹ್ನ ನೆಂಟರು ಬಂದು ಅಡುಗೆಮನೆಯನ್ನೆಲ್ಲ ಹುಡುಕಿದರು. ಅಲ್ಲೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಗಜೇಂದ್ರಗಡದ ಬಸ್ಸು ಹಿಡಿದೆವು. ದಾರಿಯ ಸೂಡಿ ಊರು ದಾಟುವವರೆಗೂ ಅತ್ತೆ ಚೀಲದ ಬಾಯಿ ಬಿಚ್ಚುತ್ತ ಕಟ್ಟುತ್ತ ಕೂತಳು. ಸಿಗದಿದ್ದರೆ ಏನು ಹೇಳಿ ಸಮಾಧಾನ ಮಾಡುವುದೋ ಎಂದು ನನಗೆ ಹೆದರಿಕೆಯಾಗಿತ್ತು.

ಗಜೇಂದ್ರಗಡದಲ್ಲಿ ನೀಲವ್ವನ ನಾದಿನಿ ಗಂಗವ್ವನ ಮನೆ. ನಮ್ಮ ಚೀಲದಿಂದ ಗಂಗಾಳ ಹೊರಬಂದದ್ದೇ ತಡ, ಆಕೆ ಅದನ್ನು ಎದೆಗವಚಿಕೊಂಡಳು. ಮೇಲಿನ ಅಕ್ಷರ ಯಾವುದೆಂದು ಕೇಳಿದೆ.

“ನಂದರಿ ಇದು. ಅಕ್ಷರ ಎಲ್ಲೀದು? ಚಂದ್ರ, ಬಾಜೂಕ ಚುಕ್ಕಿ. ನಮ್ಮತ್ತಿ ಗುರ್ತಿಗೆ ಹಾಕ್ಸಿದ್ದು.”

ನಮಗೆ ನಗು ತಡೆಯಲಾಗಲಿಲ್ಲ. ಆಕೆ ಒಳಗೆ ಹೋಗಿ ನಮ್ಮದನ್ನು ತಂದಳು. ಅದರ ತುಂಬ ಶೇಂಗಾ ಹೋಳಿಗೆ, ಮಂದಿಯ ಭಾಂಡೆಯನ್ನು ಬರಿದಾಗಿ ಕಳಿಸಬಾರದಲ್ಲ. ಅಂಚಿನ ಹಳೆಯ ತಗ್ಗು ನೋಡಿ ಅತ್ತೆ ಗುರುತು ಹಿಡಿದಳು, ಹೋಳಿಗೆ ತೆಗೆದಿಟ್ಟು ಗಂಗಾಳ ಮಗುಚಿದಳು. ಬೆನ್ನು ಕನ್ನಡಿಯಂತೆ ಹೊಳೆಯುತ್ತಿತ್ತು. ನಡುವೆ ಯಂತ್ರದಿಂದ ಕೊರೆದ ಮುದ್ದಾದ ಅಕ್ಷರ: ‘ನೀಲವ್ವ, ಶಿರೋಳ’.

“ನ ಅಂತ ಇತ್ತಲ್ರಿ, ನಮ್ಮ ನೀಲವ್ವಂದ ಅಂದ್ಕೊಂಡ್ನಿ,” ಎಂದಳು ಗಂಗವ್ವ. “ಮೊಳಿಲೆ ಗೀರಿದ್ದು, ನೋಡಾಕ ಚಂದ ಇರ್ಲಿಲ್ಲ. ಹಂಗ ಹ್ಯಾಂಗ ಕಳಸೋದು? ಪಾಲೀಶ್ ಮಾಡ್ಸಿ ಪೂರಾ ಹೆಸರು ಹಾಕ್ಸೇನಿ. ಇನ್ನ ಎಲ್ಲೂ ಕಳಿಯಂಗಿಲ್ಲ.”

ನಾನು ಬಾಯಿ ತೆರೆದೆ. ಅತ್ತೆ ನನ್ನ ಮುಂಗೈ ಒತ್ತಿ ಹಿಡಿದಳು.

“ಭಾಳ ಚಲೋ ಮಾಡ್ಸೀರಿ,” ಎಂದಳು. ಚಹಾ ಕುಡಿದಳು, ಹೋಳಿಗೆ ತಿಂದಳು, ಕುಂಕುಮ ಹಚ್ಚಿಸಿಕೊಂಡಳು.

ತಿರುಗಿ ಬರುವ ಬಸ್ಸಿನಲ್ಲಿ ನನಗೆ ಸಿಟ್ಟು. ಒಂದು ಮಾತಾದರೂ ಹೇಳಬೇಕಿತ್ತು ಎಂದೆ. “ಆಕಿ ಚಲೋದಕ್ಕ ಮಾಡ್ಯಾಳ. ಏನಂತ ಜಗಳಾಡ್ಲಿ?” ಎಂದಳು. ಹೊರಗೆ ಕಡಲೆ ಹೊಲಗಳ ಮೇಲೆ ಸಂಜೆಯಾಗುತ್ತಿತ್ತು. ಅತ್ತೆ ನನ್ನ ಅಂಗೈ ಎಳೆದುಕೊಂಡು ಅದರ ಮೇಲೆ ಬೆರಳಿನಿಂದ ‘ನ’ ಬರೆದಳು. ತಲೆಯಾಡಿಸಿ ಒರೆಸಿದಳು. ಮತ್ತೆ ಬರೆದಳು, ಮತ್ತೆ ಒರೆಸಿದಳು. ಎಲ್ಲವೂ ಸರಿಯಾದ ‘ನ’ಗಳೇ.

“ಅವ್ವನಂಗ ತಪ್ಪಿಸಿ ಬರಿಯಾಕ ಬರವಲ್ತು ನೋಡ,” ಎಂದಳು. “ನನ್ನ ಸಾಲಿಗೆ ಹಾಕಿ ಅಕ್ಷರ ಕಲಿಸಿಬಿಟ್ಟಾಳ.”